ಕೇದಗೆಯ ಸಾಕ್ಷಿ, ಅರುವತ್ತೊಂದನೆಯ ಮನೆ

ಜಹೀರಾಬಾದಿನಿಂದ ಕೆಂಪು ಜಂಬಿಟ್ಟಿಗೆ ನೆಲದ ಹೊಲಗಳ ನಡುವೆ ಹಾದು ಝರಾಸಂಗಮದ ಕೇತಕೀ ಸಂಗಮೇಶ್ವರನ ದರ್ಶನಕ್ಕೆ ಹೋಗುವ ಯಾತ್ರಿಕನು, ಪುರಾಣಶ್ರವಣದ ಅಭ್ಯಾಸವುಳ್ಳವನಾದರೆ, ಗರ್ಭಗುಡಿಯ ಮುಂದೆ ಒಂದು ಕ್ಷಣ ತಡೆದು ನಿಲ್ಲುತ್ತಾನೆ. ಏಕೆಂದರೆ ಶಿವಾಲಯಗಳ ಹೊಸ್ತಿಲನ್ನು ಸಾಮಾನ್ಯವಾಗಿ ದಾಟಲಾರದ ಕೇದಗೆಯ ಹೂವು ಇಲ್ಲಿ ನಿಶ್ಚಿಂತೆಯಿಂದ ಲಿಂಗದ ನೆತ್ತಿಯನ್ನೇರುತ್ತದೆ. ಜ್ಯೋತಿರ್ಮಯವಾದ ಲಿಂಗದ ತುದಿಮೊದಲನ್ನರಸಿ ವಿಷ್ಣುವು ವರಾಹನಾಗಿ ಕೆಳಕ್ಕೂ ಬ್ರಹ್ಮನು ಹಂಸನಾಗಿ ಮೇಲಕ್ಕೂ ಹೋದದ್ದು, ವಿಷ್ಣುವು ಕಾಣಲಿಲ್ಲವೆಂದು ಒಪ್ಪಿಕೊಂಡದ್ದು, ಬ್ರಹ್ಮನು ಮಾತ್ರ ಕಂಡೆನೆಂದು ಹೇಳಿ, ಮೇಲಿನಿಂದ ಜಾರಿ ಬರುತ್ತಿದ್ದ ಕೇದಗೆಯಿಂದ ಸಾಕ್ಷಿ ನುಡಿಸಿದ್ದು, ಆ ಸುಳ್ಳಿಗಾಗಿ ಹೂವು ಶಿವಪೂಜೆಗೆ ಬಾಹಿರವಾದದ್ದು, ಇವೆಲ್ಲ ಅಜ್ಜಿಯರ ಬಾಯಲ್ಲಿ ನಾವು ಕೇಳಿದ ಕಥೆ. ಝರಾಸಂಗಮದ ಸ್ಥಳಪುರಾಣವು ಆ ತೀರ್ಪನ್ನು ಮನ್ನಿಸಿದಂತಿಲ್ಲ. ಬ್ರಹ್ಮನೇ ಇಲ್ಲಿಗೆ ಬಂದು ತಪಸ್ಸು ಮಾಡಿದನಂತೆ. ಸುತ್ತಲೂ ಕೇದಗೆಯ ವನವಿತ್ತಂತೆ. ಅಪರಾಧಿಗಳಿಬ್ಬರಿಗೂ ಒಂದೇ ಊರಲ್ಲಿ ಕ್ಷಮೆ ದೊರೆಯಿತೆಂದು ಇಟ್ಟುಕೊಳ್ಳೋಣ.

ನಾನು ಹೋದ ದಿನ ಕುಂಡದ ಬಳಿಯ ಪರಸಿ ಕಲ್ಲಿನ ಮೇಲೆ ಕುಳಿತಿದ್ದ ಮುದುಕರೊಬ್ಬರನ್ನು, ಸುಳ್ಳು ಹೇಳಿದ ಹೂವು ದೇವರ ಮೇಲೆ ಹೇಗೆ ಏರಿತೆಂದು ಕೇಳಿದೆ. ಅವರು ತಂಬಾಕಿನ ಚಂಚಿಯನ್ನು ಮಡಿಸುತ್ತ, "ಸುಳ್ಳ ಹೇಳಿದ್ದು ಖರೇರಿ, ಆದ್ರ ಹೂ ಅಂತೂ ಅದ ಅಲ್ರಿ" ಎಂದರು. ಬೀದರ, ನಾರಾಯಣಖೇಡಗಳ ಕಡೆಯ ಕನ್ನಡದಲ್ಲಿ ವಸ್ತುವನ್ನು ತೋರಿಸುವ 'ಅದು' ಎಂಬ ಮಾತಿಗೂ ಅದರ ಇರವನ್ನು ಹೇಳುವ 'ಅದ' ಎಂಬ ಮಾತಿಗೂ ನಡುವೆ ಅರ್ಧ ಉಸಿರಿನ ಅಂತರ. ವೇದಾಂತಿಗಳು ತತ್ ಮತ್ತು ಸತ್ ಎಂಬ ಎರಡು ಶಬ್ದಗಳನ್ನು ಹೊಂದಿಸಲು ಎಷ್ಟು ಭಾಷ್ಯಗಳನ್ನು ಬರೆದರೋ, ಈ ಸೀಮೆಯ ಒಕ್ಕಲಿಗನು ದಿನಕ್ಕೆ ನೂರು ಸಲ ಅವನ್ನು ಹಾಗೆಯೇ ಹೊಂದಿಸಿ ಮುಗಿಸುತ್ತಾನೆ. ಒಂದು ವಸ್ತುವನ್ನು ಕುರಿತು 'ಅದ' ಎನ್ನುವುದಕ್ಕೆ ಅದು ಎಷ್ಟು ಹೊತ್ತು ಇರಬೇಕು? ಈ ಪ್ರಶ್ನೆ ನನ್ನನ್ನು ಹಲವು ಕಾಲದಿಂದ ಕಾಡುತ್ತಿತ್ತು. ಕಾಡಲು ತೊಡಗಿದ್ದು ಶಾಸ್ತ್ರಗ್ರಂಥದಿಂದಲ್ಲ, ಹೈದರಾಬಾದಿನ ಕೋಠಿಯ ಹಳೆಯ ಪುಸ್ತಕಗಳ ಸಾಲಿನಲ್ಲಿ ಕೊಂಡ ಒಂದು ರಸಾಯನಶಾಸ್ತ್ರದ ಪಠ್ಯದಿಂದ.

ಅದು 1930ರ ದಶಕದ ಪುಸ್ತಕ. ಬೆನ್ನು ಕಳಚಿದೆ, ಅಂಚುಗಳನ್ನು ಗೆದ್ದಲು ರುಚಿ ನೋಡಿದೆ. ಕೊನೆಯಲ್ಲಿರುವ ಮೂಲಧಾತುಗಳ ಕೋಷ್ಟಕದಲ್ಲಿ ಅರುವತ್ತನೆಯ ಮನೆಯಲ್ಲಿ ನಿಯೋಡಿಮಿಯಂ, ಅರುವತ್ತೆರಡರಲ್ಲಿ ಸಮೇರಿಯಂ, ನಡುವಿನ ಅರುವತ್ತೊಂದರಲ್ಲಿ 'ಇಲಿನಿಯಂ' ಎಂದು ಅಚ್ಚಾಗಿದೆ. ಹಿಂದಿನ ಒಡೆಯರಾರೋ, ಬಹುಶಃ ಯಾವುದೋ ಹೈಸ್ಕೂಲಿನ ಮೇಷ್ಟ್ರು, ಆ ಹೆಸರಿನ ಮೇಲೆ ನೀಲಿ ಶಾಯಿಯಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಮುದ್ದಾದ ಅಕ್ಷರಗಳಲ್ಲಿ 'ಪ್ರೊಮಿಥಿಯಂ' ಎಂದು ತಿದ್ದಿದ್ದಾರೆ.

ಆ ಅಡ್ಡಗೆರೆಯ ಹಿಂದೆ ನಾಲ್ಕೈದು ದಶಕಗಳ ಅರಸಾಟವಿದೆ. ವಿರಳಭಸ್ಮ ಧಾತುಗಳೆಂಬ ಹದಿನೇಳರ ಕುಟುಂಬದಲ್ಲಿ ನಿಯೋಡಿಮಿಯಮ್ಮಿಗೂ ಸಮೇರಿಯಮ್ಮಿಗೂ ನಡುವೆ ಒಬ್ಬರು ಇರಬೇಕೆಂದು ಪ್ರಾಗ್ ನಗರದ ಬೊಹುಸ್ಲಾವ್ ಬ್ರೌನರ್ 1902ರಲ್ಲಿ ಹೇಳಿದನು. ಕ್ಷಕಿರಣಗಳ ರೋಹಿತವನ್ನಳೆದು ಧಾತುಗಳಿಗೆ ಮನೆಯ ನಂಬರುಗಳನ್ನು ಹಾಕಿದ ಹೆನ್ರಿ ಮೋಸ್ಲಿ 1914ರಲ್ಲಿ ಆ ಮನೆ ಖಾಲಿಯಿದೆಯೆಂದು ನಿಶ್ಚಯಿಸಿ, ಮರುವರ್ಷವೇ ಗಲಿಪೊಲಿಯ ಯುದ್ಧದಲ್ಲಿ ಇಪ್ಪತ್ತೇಳರ ಪ್ರಾಯದಲ್ಲಿ ಗುಂಡಿಗೆ ಬಲಿಯಾದನು. ಅನಂತರ ಕಂಡೆನೆಂದವರು ಬಂದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಾಪ್ಕಿನ್ಸ್ ಮತ್ತವನ ಸಂಗಡಿಗರು 1926ರಲ್ಲಿ ರೋಹಿತದ ಕೆಲವು ಗೆರೆಗಳನ್ನು ಸಾಕ್ಷಿಗೆ ಕರೆದು 'ಇಲಿನಿಯಂ' ಎಂದು ನಾಮಕರಣ ಮಾಡಿದರು. ಕೂಡಲೇ ಇಟಲಿಯ ಫ್ಲಾರೆನ್ಸಿನಿಂದ ರೊಲ್ಲ, ಫೆರ್ನಾಂಡಿಸ್ ಎಂಬಿಬ್ಬರು, ತಾವು 1924ರಲ್ಲಿಯೇ ಕಂಡು, ಮೊಹರು ಮಾಡಿದ ಲಕೋಟೆಯಲ್ಲಿ ರೋಮಿನ ಅಕಾಡೆಮಿಗೆ ಒಪ್ಪಿಸಿದ್ದೇವೆಂದು ಹೇಳಿ 'ಫ್ಲಾರೆಂಟಿಯಂ' ಎಂದರು. ಎರಡೂ ನಿಲ್ಲಲಿಲ್ಲ. ಆ ಗೆರೆಗಳು ಕಲ್ಮಷಗಳವೋ ಪರಿಚಿತ ಧಾತುಗಳವೋ ಆಗಿದ್ದವು. ಲಿಂಗದ ತುದಿ ಕಂಡಿತೆಂದ ಕೇದಗೆಯ ನೆನಪು ನನಗೆ ಬರುವುದು ಇಲ್ಲಿಯೇ. ಆದರೆ ನ್ಯಾಯವಾಗಿ ಹೇಳಬೇಕಾದರೆ, ಇವರಲ್ಲಿ ಯಾರೂ ಸುಳ್ಳಾಡಿದವರಲ್ಲ. ಇರಲೇಬೇಕೆಂದು ಬುದ್ಧಿಗೆ ಗೊತ್ತಿದ್ದದ್ದನ್ನು ಕಣ್ಣು ಸ್ವಲ್ಪ ಮುಂಚಿತವಾಗಿ ಕಂಡುಬಿಟ್ಟಿತು. ಭಕ್ತರಿಗೂ ಇದು ಆಗುವುದುಂಟು. ಅವರನ್ನು ನಾವು ಸುಳ್ಳರೆಂದು ಕರೆಯುವುದಿಲ್ಲ.

ನಿಜವಾದ ದರ್ಶನವಾದದ್ದು 1945ರಲ್ಲಿ, ಅಣುಬಾಂಬಿನ ಸಿದ್ಧತೆ ನಡೆಯುತ್ತಿದ್ದ ಓಕ್ ರಿಡ್ಜಿನ ಪ್ರಯೋಗಶಾಲೆಯಲ್ಲಿ. ಜೇಕಬ್ ಮರಿನ್‌ಸ್ಕಿ, ಲಾರೆನ್ಸ್ ಗ್ಲೆಂಡೆನಿನ್, ಚಾರ್ಲ್ಸ್ ಕೊರಿಯೆಲ್ ಎಂಬ ಮೂವರು, ಯುರೇನಿಯಂ ಒಡೆದಾಗ ಉಳಿಯುವ ಚೂರುಗಳನ್ನು ರಾಳದ ಕಂಬದ ಮೂಲಕ ಹನಿಹನಿಯಾಗಿ ಇಳಿಸಿ ಬೇರ್ಪಡಿಸುವಾಗ ಅರುವತ್ತೊಂದನೆಯವನು ಸಿಕ್ಕಿದನು. ಯುದ್ಧದ ಗೌಪ್ಯದಿಂದಾಗಿ ಸುದ್ದಿ ಹೊರಬಿದ್ದದ್ದು 1947ರಲ್ಲಿ. ಹೆಸರನ್ನು ಸೂಚಿಸಿದವಳು ಕೊರಿಯೆಲ್ಲನ ಪತ್ನಿ ಗ್ರೇಸ್ ಮೇರಿ: ದೇವತೆಗಳಿಂದ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟು, ಬಂಡೆಗೆ ಬಿಗಿಸಿಕೊಂಡು ನರಳಿದ ಗ್ರೀಕರ ಪ್ರೊಮಿಥಿಯಸ್ಸನ ಹೆಸರು. ನಮ್ಮ ಋಗ್ವೇದದಲ್ಲಿಯೂ ಮಾತರಿಶ್ವನು ದೂರದಿಂದ ಅಗ್ನಿಯನ್ನು ತಂದು ಭೃಗುಗಳಿಗೆ ಕೊಡುತ್ತಾನೆ. ಅವನನ್ನು ಮಾತ್ರ ಯಾರೂ ಶಿಕ್ಷಿಸುವುದಿಲ್ಲ. ಈ ವ್ಯತ್ಯಾಸದ ಮೇಲೆಯೇ ಒಂದು ಪ್ರಬಂಧವನ್ನು ಬರೆಯಬಹುದು; ಈಗ ಬೇಡ.

ಸಿಕ್ಕಿದ ಧಾತುವಿನ ಸ್ವಭಾವವೇನು? ನೆರೆಹೊರೆಯವರನ್ನು ಬಲ್ಲವನಿಗೆ ಅದನ್ನು ಕೇಳಬೇಕಾದದ್ದೇ ಇಲ್ಲ. ನಿಯೋಡಿಮಿಯಮ್ಮಿನ ಸಾಂದ್ರತೆ 7.01, ಸಮೇರಿಯಮ್ಮಿನದು 7.52, ಇದರದು 7.26, ಅಳೆದು ನಡುವೆ ಇಟ್ಟಂತೆ. ನಿಯೋಡಿಮಿಯಂ ಕರಗುವುದು 1024 ಡಿಗ್ರಿ ಸೆಲ್ಸಿಯಸ್ಸಿಗೆ, ಇದು 1042ಕ್ಕೆ, ಸಮೇರಿಯಂ 1072ಕ್ಕೆ. ಕುಟುಂಬದವರೆಲ್ಲರಂತೆ ಇದೂ ಮೂರು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಲವಣವಾಗುತ್ತದೆ. ಲವಣಗಳ ಬಣ್ಣ ನಸುಗೆಂಪು. ಸ್ವಭಾವದಲ್ಲಿ ಯಾವ ವಿಪರೀತವೂ ಇಲ್ಲದ ಈ ಸಾಧು ಧಾತುವಿಗೆ ಒಂದೇ ಒಂದು ಕೊರತೆ: ನೆಲೆ ನಿಲ್ಲದು. ಸೀಸ, ಬಿಸ್ಮತ್ತುಗಳಿಗಿಂತ ಹಗುರವಾದ ಧಾತುಗಳಲ್ಲೆಲ್ಲ ನಲವತ್ತಮೂರನೆಯ ಟೆಕ್ನೀಶಿಯಂ ಮತ್ತು ಈ ಅರುವತ್ತೊಂದನೆಯದು, ಇವೆರಡಕ್ಕೆ ಮಾತ್ರ ಸ್ಥಿರವಾದ ಒಂದು ರೂಪವೂ ಇಲ್ಲ.

ಕಾರಣ ನೆರೆಯವರೇ. ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಲೆಕ್ಕ ಒಂದೇ ಆಗಿರುವ ಅಕ್ಕಪಕ್ಕದ ಧಾತುಗಳೆರಡೂ ಸ್ಥಿರವಾಗಿರಲಾರವೆಂದು 1934ರಲ್ಲಿ ಮಾಟಾಖ್ ಎಂಬ ವಿದ್ವಾಂಸನು ಒಂದು ನಿಯಮವನ್ನು ಕಂಡನು. 142ರಿಂದ 150ರ ವರೆಗಿನ ಒಂಬತ್ತು ಲೆಕ್ಕಗಳನ್ನೂ, ಈ ಧಾತುವಿಗೆ ಒಗ್ಗಬಹುದಾಗಿದ್ದವನ್ನೆಲ್ಲ, ನಿಯೋಡಿಮಿಯಮ್ಮೂ ಸಮೇರಿಯಮ್ಮೂ ತಮ್ಮತಮ್ಮೊಳಗೆ ಹಂಚಿಕೊಂಡು ಬಿಟ್ಟಿವೆ; ನಡುಮನೆಯವನಿಗೆ ಕಾಲೂರಲು ತಾವಿಲ್ಲ. ಆದುದರಿಂದ 145ರ ಲೆಕ್ಕದ ಪ್ರೊಮಿಥಿಯಂ ಎಡಮನೆಯ ನಿಯೋಡಿಮಿಯಮ್ಮಿನಲ್ಲಿ ಲೀನವಾಗುತ್ತದೆ, 147ರದು ಒಂದು ಇಲೆಕ್ಟ್ರಾನನ್ನು ಹೊರಕ್ಕೆಸೆದು ಬಲಮನೆಯ ಸಮೇರಿಯಂ ಆಗುತ್ತದೆ. ಮೊದಲನೆಯದರ ಅರ್ಧಾಯು 17.7 ವರ್ಷ; ಹೆಚ್ಚಾಗಿ ದೊರೆಯುವ ಎರಡನೆಯದಕ್ಕೆ 2.62 ವರ್ಷ. ಎಂದರೆ, ಡಬ್ಬಿಯಲ್ಲಿಟ್ಟು ಇಪ್ಪತ್ತಾರು ವರ್ಷದ ಮೇಲೆ ತೆರೆದರೆ ಸಾವಿರದಲ್ಲೊಂದು ಪಾಲು ಮಾತ್ರ ಹಳೆಯದು, ಮಿಕ್ಕದ್ದೆಲ್ಲ ಸಮೇರಿಯಂ. ಚೀಟಿಯ ಮೇಲಿನ ಹೆಸರೊಂದು ಹಾಗೆಯೇ. ಗಡಿನಾಡಿನ ಓದುಗನಿಗೆ ಈ ಸ್ಥಿತಿ ತೀರ ಅಪರಿಚಿತವೆನಿಸಲಾರದು. 1956ರ ನವೆಂಬರ್ 1ರಂದು ತಾಂಡೂರು ಕಲಬುರಗಿ ಜಿಲ್ಲೆಯಿಂದಲೂ, ನಾರಾಯಣಖೇಡ, ಜಹೀರಾಬಾದುಗಳು ಬೀದರ ಜಿಲ್ಲೆಯಿಂದಲೂ ಕಳಚಿ ಆಂಧ್ರಪ್ರದೇಶದ ಪಾಲಾದವು. 2014ರಲ್ಲಿ ತೆಲಂಗಾಣದ ಪಾಲಾದವು. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಮರಾಠಿಯಲ್ಲಿ ಗೊಣಗಿ, ಉರ್ದುವಿನಲ್ಲಿ ಲೆಕ್ಕ ಚುಕ್ತಾ ಮಾಡುವ ಮನುಷ್ಯನನ್ನು ಯಾವ ಮನೆಯವನೆಂದು ಬರೆದುಕೊಳ್ಳಬೇಕೆಂಬುದು ಜನಗಣತಿಯವರ ಕಷ್ಟ, ಅವನದಲ್ಲ.

ಈಗ ಮೂಲಪ್ರಶ್ನೆಗೆ ಬರೋಣ. ಮಾಂಡೂಕ್ಯಕಾರಿಕೆಗಳ ಗೌಡಪಾದರು ಸತ್ಯಕ್ಕೆ ಒಂದು ಕಠೋರವಾದ ಒರೆಗಲ್ಲನ್ನು ಇಟ್ಟಿದ್ದಾರೆ: ಆದಿಯಲ್ಲಿಯೂ ಅಂತ್ಯದಲ್ಲಿಯೂ ಇಲ್ಲದ್ದು ನಡುವೆ ತೋರಿದರೂ ಇಲ್ಲವೆಂದೇ ತಿಳಿಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಈ ಒರೆಗಲ್ಲಿಗೆ ನಮ್ಮ ಧಾತುವನ್ನು ಉಜ್ಜಿದರೆ ಒಂದೇ ಉಜ್ಜಿಗೆ ಬಣ್ಣ ಬಿಡುತ್ತದೆ. ಭೂಮಿ ಹುಟ್ಟಿದಾಗ ಅದರೊಡನೆ ಬಂದ ಪ್ರೊಮಿಥಿಯಂ ಎಷ್ಟಿತ್ತೋ ಅದರ ಒಂದು ಕಣವೂ ಇಂದು ಉಳಿದಿಲ್ಲ. ಆದರೆ ಒರೆಗಲ್ಲನ್ನು ಹಿಡಿದವರು ಅಲ್ಲಿಗೆ ಕೈಯನ್ನು ತಡೆಯುವಂತಿಲ್ಲ. ಪ್ರೊಮಿಥಿಯಂ ಅಳಿದು ಆದ ಸಮೇರಿಯಂ 147 ಕೂಡ ಸ್ಥಿರವಲ್ಲ. ಸುಮಾರು 10,600 ಕೋಟಿ ವರ್ಷಗಳ ಅರ್ಧಾಯುವಿನಿಂದ ಅದೂ ಒಂದೊಂದೇ ಕಣವಾಗಿ ಒಡೆದು ನಿಯೋಡಿಮಿಯಂ ಆಗುತ್ತಿರುತ್ತದೆ. ವಿಶ್ವದ ವಯಸ್ಸೇ ಅದರ ಏಳನೆಯ ಒಂದು ಪಾಲಾಗದು. ಮೂರು ವರ್ಷ ಬದುಕುವುದನ್ನು ಮಿಥ್ಯೆಯೆಂದು, ಹತ್ತು ಸಾವಿರ ಕೋಟಿ ವರ್ಷ ಬದುಕುವುದನ್ನು ಸತ್ಯವೆಂದು ಹೇಳಿದರೆ ಅದು ವೇದಾಂತವಾಗದು, ವಯಸ್ಸಿಗೆ ಕೊಡುವ ಮರ್ಯಾದೆಯಾದೀತು. ಅದ್ವೈತಿಯು ಇದನ್ನು ಚೆನ್ನಾಗಿ ಬಲ್ಲನು. ಎರಡನ್ನೂ ಅವನು ಸಮಭಾವದಿಂದ ನಿರಾಕರಿಸುತ್ತಾನೆ. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ; ಜೊತೆಯಲ್ಲಿ ನಡೆಯಲು ಕಾಲು ಏಳುವುದಿಲ್ಲ.

ಏಳದಿರುವುದಕ್ಕೆ ಕಾರಣವನ್ನು ಹೇಳಲು ಕಲ್ಲಿನ ವಿಷಯವನ್ನು ತೆಗೆಯಬೇಕಾಗಿದೆ. ತಾಂಡೂರಿನ ಹೆಸರನ್ನು ದೇಶದ ತುಂಬ ಹರಡಿದ್ದು ಅಲ್ಲಿನ ತೊಗರಿಯಷ್ಟೇ ಅಲ್ಲ, ನೆಲಕ್ಕೆ ಹಾಸುವ ನೀಲಿಬೂದು ಪರಸಿ; ಅದು ಭೀಮಾ ಜಲಾನಯನದ ಸುಣ್ಣಕಲ್ಲು, ಮುದ್ದೇಬಿಹಾಳ, ತಾಳಿಕೋಟೆಗಳ ಕಡೆಯಿಂದ ಶಹಾಬಾದಿನ ಮೇಲೆ ಹಾದು ತಾಂಡೂರಿನ ವರೆಗೆ ಹಾಸಿಕೊಂಡಿರುವ ಪುರಾತನ ಸಮುದ್ರದ ತಳ. ಇದೇ ಹಾಸಿನ ಪಶ್ಚಿಮ ಭಾಗದಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ನೆಲ ಬಿರಿದು ಸರಿದ ಗೆರೆಯ ಗುಂಟ ಯುರೇನಿಯಂ ನಿಕ್ಷೇಪವಿದೆ. ಹೈದರಾಬಾದಿನಲ್ಲಿ ಮುಖ್ಯ ಕಚೇರಿಯುಳ್ಳ ಪರಮಾಣು ಖನಿಜ ನಿರ್ದೇಶನಾಲಯದವರು ಶೋಧಿಸಿದ್ದು. ಮೇಲೆ ಚಂದಾ ಹುಸೇನಿಯ ದರ್ಗಾ, ಯೂಸುಫ್ ಆದಿಲ್ ಶಾಹ ಮೊದಲ್ಗೊಂಡು ವಿಜಾಪುರದ ಮೊದಮೊದಲಿನ ಸುಲ್ತಾನರ ಗೋರಿಗಳು. ಕೆಳಗೆ ಕಾಫಿನೈಟ್, ಪಿಚ್‌ಬ್ಲೆಂಡ್ ಎಂಬ ಕರಿಯ ಅದಿರು.

ಯುರೇನಿಯಂ ತನ್ನಷ್ಟಕ್ಕೆ ತಾನೇ, ಅತಿ ವಿರಳವಾಗಿ, ಎರಡಾಗಿ ಸೀಳುತ್ತದೆ. ಸೀಳಿದ ನೂರು ಸಲದಲ್ಲಿ ಎರಡು ಮೂರು ಸಲ ಒಂದು ಚೂರು ಕೊನೆಗೆ ಪ್ರೊಮಿಥಿಯಂ 147ರ ರೂಪಕ್ಕೆ ಬರುತ್ತದೆ. ಅಟ್ರೆಪ್ ಮತ್ತು ಕುರೋಡ ಎಂಬಿಬ್ಬರು 1960ರ ದಶಕದಲ್ಲಿ ಕಾಂಗೋ ನಾಡಿನ ಪಿಚ್‌ಬ್ಲೆಂಡಿನಿಂದ ಅದನ್ನು ಬೇರ್ಪಡಿಸಿ ಅಳೆದರು: ಹತ್ತು ಸಾವಿರ ಕೋಟಿ ಕೋಟಿ ಪಾಲಿನಲ್ಲಿ ನಾಲ್ಕು ಪಾಲು. ಇಂಥ ಸಂಖ್ಯೆಗಳಿಂದ ಮನಸ್ಸಿಗೆ ಏನೂ ಆಗುವುದಿಲ್ಲ. ಒಂದು ಸಂಜೆ ಕುಳಿತು ಅದನ್ನು ಪರಮಾಣುಗಳ ತಲೆಯೆಣಿಕೆಗೆ ಇಳಿಸಿದೆ. ಅಂಗೈಯ ಮೇಲಿಡಬಹುದಾದ ಒಂದು ಗ್ರಾಂ ಪಿಚ್‌ಬ್ಲೆಂಡಿನಲ್ಲಿ ಪ್ರೊಮಿಥಿಯಮ್ಮಿನ ಪರಮಾಣುಗಳು ಸುಮಾರು ಹದಿನಾರು ಸಾವಿರ: ಒಂದು ದೊಡ್ಡ ಹಳ್ಳಿಯ ಜನಸಂಖ್ಯೆ. ಒಬ್ಬೊಬ್ಬನ ಸರಾಸರಿ ಆಯುಸ್ಸು ನಾಲ್ಕು ವರ್ಷಕ್ಕೆ ತುಸು ಕಡಿಮೆ. ಭಾಗಿಸಿದರೆ ಬರುವ ಲೆಕ್ಕ, ದಿನಕ್ಕೆ ಹನ್ನೆರಡು ಸಾವು, ಹನ್ನೆರಡು ಹುಟ್ಟು. ಲೆಕ್ಕವನ್ನು ಎರಡು ಸಲ ಮಾಡಿದೆ, ಹನ್ನೆರಡೇ ಬಂತು. ಗೋಗಿಯ ಮೇಲೆ ಸುಲ್ತಾನರು ಮಣ್ಣಾದ ದಿನವೂ, ತಾಂಡೂರಿನಲ್ಲಿ ಭಾವಿಗಿ ಭದ್ರೇಶ್ವರನ ತೇರು ಎಳೆಯುವ ದಿನವೂ, ಯಾರೂ ಎಣಿಸದ ಆ ಕತ್ತಲೆಯ ಹಳ್ಳಿಯಲ್ಲಿ ಗ್ರಾಂ ಒಂದಕ್ಕೆ ಹನ್ನೆರಡು ತೊಟ್ಟಿಲು, ಹನ್ನೆರಡು ಚಟ್ಟ. ಇರುವವರಲ್ಲಿ ಒಬ್ಬನೂ ಹಳಬನಲ್ಲ. ಹಳ್ಳಿ ಮಾತ್ರ ಖಾಲಿಯಾದದ್ದಿಲ್ಲ. ಇಡೀ ಭೂಮಿಯ ತೊಗಟೆಯಲ್ಲಿ ಒಟ್ಟು ಪ್ರೊಮಿಥಿಯಂ ಅರ್ಧ ಕಿಲೋಗ್ರಾಮಿನ ಆಸುಪಾಸಿನಲ್ಲಿದೆಯೆಂದು ಅಂದಾಜು. ಯುರೇನಿಯಮ್ಮಿನ ಲವಲೇಶವೂ ಇಲ್ಲದ ಬಂಡೆ ವಿರಳವಾದುದರಿಂದ, ಝರಾಸಂಗಮದಲ್ಲಿ ಮುದುಕರೂ ನಾನೂ ಕುಳಿತಿದ್ದ ಪರಸಿಯಲ್ಲಿಯೂ ನಾಲ್ಕಾರು ಮನೆಗಳ ಒಂದು ಹಟ್ಟಿ ಇದ್ದೀತು.

ಮನುಷ್ಯನು ಕಟ್ಟಿದ ಕುಲುಮೆಗಳಲ್ಲಿ ಇದು ಹಟ್ಟಿಯಾಗಿ ಉಳಿದಿಲ್ಲ, ಮಹಾನಗರವಾಗಿದೆ. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ತಯಾರಾದ ಯುರೇನಿಯಂ ಕಟ್ಟುಗಳು ಕಾಳಿಯ ದಡದ ಕೈಗಾದಲ್ಲಿ ಉರಿಯುವಾಗ ಪ್ರತಿ ಕ್ಷಣವೂ ಅಲ್ಲಿ ಪ್ರೊಮಿಥಿಯಂ ಹುಟ್ಟುತ್ತಿರುತ್ತದೆ. ಕೈಗಾದ ಮೊದಲನೆಯ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರ ವರೆಗೆ 962 ದಿನ ಎಡೆಬಿಡದೆ ನಡೆದು ಆಗ ಜಗತ್ತಿನ ದಾಖಲೆಯನ್ನು ಮುರಿಯಿತು. ಪ್ರೊಮಿಥಿಯಂ 147ರ ಅರ್ಧಾಯುವನ್ನು ದಿನಗಳಲ್ಲಿ ಹೇಳಿದರೆ 958. ಆ ನಂದಾದೀಪ ಹೊತ್ತಿದ ದಿನ ಹುಟ್ಟಿದ ಕಣಗಳಲ್ಲಿ ಅರ್ಧದಷ್ಟು, ದೀಪ ಆರುವ ಹೊತ್ತಿಗೆ ತಾವೂ ಆರಿದ್ದವು. ಇದು ಕಾಕತಾಲೀಯ, ಅದಕ್ಕೆ ಅರ್ಥವನ್ನು ಹಚ್ಚುವ ಇಚ್ಛೆ ನನಗಿಲ್ಲ. ಕಂಡದ್ದನ್ನು ಹೇಳದೆ ಇರಲಾಗಲಿಲ್ಲ.

ತಾಂಡೂರನ್ನು ತೊಳೆದು ಹರಿಯುವ ಕಾಗಿಣಾ ನದಿ ಮುಂದೆ ಹೋಗಿ ಮಳಖೇಡದ ಕೋಟೆಯ ಬುಡವನ್ನು ಮುಟ್ಟುತ್ತದೆ. ರಾಷ್ಟ್ರಕೂಟರ ಆ ಮಾನ್ಯಖೇಟದಲ್ಲಿ, ಅಮೋಘವರ್ಷನ ಆಶ್ರಯದಲ್ಲಿ, ಜಿನಸೇನರೂ ಗಣಿತಸಾರಸಂಗ್ರಹದ ಮಹಾವೀರಾಚಾರ್ಯರೂ ಇದ್ದ ಕಾಲದಲ್ಲಿ, ಇರವನ್ನು ಕುರಿತು ಬೇರೊಂದು ಲಕ್ಷಣ ಪ್ರಚಲಿತವಾಗಿತ್ತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಿಂದ ಜೈನರು ಕಲಿತದ್ದೇನೆಂದರೆ, ಹುಟ್ಟು, ಅಳಿವು, ನಿಲವು ಈ ಮೂರೂ ಕೂಡಿದಲ್ಲಿ ಮಾತ್ರ ಸತ್ತು ಎಂಬ ಮಾತು ಸಲ್ಲುತ್ತದೆ. ಒಂದು ತಪ್ಪಿದರೂ ಸಲ್ಲದು. ಗೌಡಪಾದರು ಯಾವುದನ್ನು ಅಸತ್ಯದ ಗುರುತೆಂದರೋ ಅದನ್ನೇ ಇವರು ಸತ್ಯದ ಗುರುತೆಂದರು! ಅದೇ ಮಳಖೇಡದಲ್ಲಿ, ಉತ್ತರಾದಿ ಮಠದ ಪರಂಪರೆಯಂತೆ, ಟೀಕಾಚಾರ್ಯರಾದ ಜಯತೀರ್ಥರ ವೃಂದಾವನವಿದೆ. ಅವರ ಸಂಪ್ರದಾಯದ ಮಾತೂ ಜೈನರದಕ್ಕಿಂತ ಎಷ್ಟೋ ದೂರದಿಂದ ಹೊರಟು ಇದೇ ಘಟ್ಟಕ್ಕೆ ಬಂದು ತಂಗುತ್ತದೆ: ಜಗತ್ತು ಅನಿತ್ಯ, ಹೌದು, ಅಷ್ಟರಿಂದ ಅದು ಅಸತ್ಯವಾಗುವುದಿಲ್ಲ. ಪರಸ್ಪರ ವಾದಿಸಿ ಎಂದೂ ಒಪ್ಪದ ಎರಡು ಮತಗಳು ಒಂದೇ ನದಿಯ ಒಂದೇ ದಡದಲ್ಲಿ ಒಂದೇ ಸಾಕ್ಷಿಯನ್ನು ನುಡಿದಾಗ, ಆ ಸಾಕ್ಷಿಗೆ ಕೇದಗೆಯದಕ್ಕಿಂತ ಹೆಚ್ಚಿನ ತೂಕವಿದೆಯೆಂದು ನನಗೆ ತೋರುತ್ತದೆ.

ಆದರೂ ಒಂದು ಆಕ್ಷೇಪಣೆಯನ್ನು ಕೇಳದೆ ಹೋಗುವುದು ಸರಿಯಲ್ಲ. ಸಂಸ್ಕೃತವನ್ನೂ ವಿಜ್ಞಾನವನ್ನೂ ಓದಿದ ಮಿತ್ರರೊಬ್ಬರು ಹೇಳಿದರು: "ನಿನ್ನ ಹಳ್ಳಿಯಲ್ಲಿ ಉಳಿಯುವುದೇನು? ಅರುವತ್ತೊಂದು ಎಂಬ ಸ್ಥಾನ. ಮೋಸ್ಲಿ ಕಂಡದ್ದು ಸ್ಥಾನವನ್ನು, ನಿವಾಸಿಯನ್ನಲ್ಲ. ಧಾತು ಸಿಕ್ಕದಿದ್ದಾಗಲೂ ಸ್ಥಾನ ನಿಸ್ಸಂಶಯವಾಗಿತ್ತು. ಹಾಗಾದ ಮೇಲೆ ಸ್ಥಾನವೇ ನಿತ್ಯ, ಅದೇ ಸತ್ಯ. ಕಣಗಳು ಬಂದುಹೋಗುವ ನಾಮರೂಪ. ನೀನು ಸುತ್ತಿ ಸುತ್ತಿ ಗೌಡಪಾದರ ಮನೆಗೇ ಬಂದೆ." ಮಾತು ಗಟ್ಟಿಯಾದದ್ದು, ಬಹಳ ದಿನ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇರುವುದೂ ತರ್ಕವಲ್ಲ, ಒಂದು ಬೆಳಕು. ಪ್ರೊಮಿಥಿಯಮ್ಮಿನ ಲವಣಗಳು ಕತ್ತಲೆಯಲ್ಲಿ ತಮ್ಮಷ್ಟಕ್ಕೆ ತಾವು ಹಸುರುನೀಲಿಯಾಗಿ ಮಿನುಗುತ್ತವೆ. ರೇಡಿಯಮ್ಮಿಗಿಂತ ಅಪಾಯ ಕಡಿಮೆಯೆಂದು ಅದನ್ನು ಗಡಿಯಾರದ ಮುಖಗಳಿಗೆ ಬಳಿದರು; ಚಂದ್ರನ ಮೇಲಿಳಿದ ಅಪೊಲೊ ನೌಕೆಗಳ ಉಪಕರಣಗಳಿಗೂ ಬಳಿದರು; ಅದರ ಪುಟ್ಟ ಬ್ಯಾಟರಿಯನ್ನು 1970ರ ದಶಕದಲ್ಲಿ ಕೆಲವರ ಎದೆಯೊಳಗಿಟ್ಟು ಹೃದಯದ ತಾಳವನ್ನು ಕಾಪಾಡಿದರು. ಆ ಬೆಳಕು ಎಲ್ಲಿಂದ ಬಂತೆಂದರೆ ಒಂದೊಂದು ಕಣ ಅಳಿಯುವಾಗ ಹೊರಕ್ಕೆಸೆದ ಒಂದೊಂದು ಇಲೆಕ್ಟ್ರಾನಿನಿಂದ. ಸ್ಥಿರವಾಗಿದ್ದರೆ ಮಿನುಗುತ್ತಿರಲಿಲ್ಲ. ಅರುವತ್ತೊಂದು ಎಂಬ ನಿತ್ಯವಾದ ಅಂಕಿ ಇಂದಿನ ವರೆಗೆ ಯಾವ ಗಡಿಯಾರಕ್ಕೂ ಬೆಳಕು ಕೊಟ್ಟಿಲ್ಲ. ಮಿತ್ರರು ನಕ್ಕು, ಇದು ಕವಿಯ ಉತ್ತರ ಎಂದರು. ಇರಬಹುದು. ಅವರು ಸ್ಥಾನಕ್ಕೆ ಪೂಜೆ ಸಲ್ಲಿಸಲಿ. ನನ್ನ ಪಾಲಿಗೆ ಕಣವಿರಲಿ.

ಝರಾಸಂಗಮದಿಂದ ಹಿಂದಿರುಗುವಾಗ ಪ್ರಸಾದವೆಂದು ಕೊಟ್ಟ ಕೇದಗೆಯ ಒಂದು ಗರಿಯನ್ನು, ಹಿಂದೆ ಮನೆಯಲ್ಲಿ ಹೆಂಗಸರು ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ ನೆನಪಿನಿಂದ, ಹಳೆಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಕೋಷ್ಟಕವಿದ್ದ ಪುಟಕ್ಕೆ ಸೇರಿಸಿ ಮುಚ್ಚಿದೆ. ಈಚೆಗೆ ತೆರೆದಾಗ ಗರಿ ತರಗೆಲೆಯಾಗಿತ್ತು. ಪರಿಮಳ ಎರಡು ಪುಟಗಳಿಗೂ ಅಂಟಿತ್ತು. ಕನ್ನಡಕವನ್ನು ಏರಿಸಿ ಅರುವತ್ತೊಂದನೆಯ ಮನೆಯನ್ನು ನೋಡಿದೆ. ಮೇಷ್ಟರ ನೀಲಿ ಶಾಯಿ ಬಹುಮಟ್ಟಿಗೆ ಮಾಸಿಹೋಗಿದೆ. ಅಡ್ಡಗೆರೆ ಕಾಣುತ್ತದೆ ಎಂದರೆ ಕಾಣುತ್ತದೆ, ಪಕ್ಕದಲ್ಲಿ ಬರೆದ ಹೆಸರನ್ನು ಬೆಳಕಿಗೆ ಹಿಡಿದು ಓದಬೇಕು. ಅಚ್ಚಿನ ಮಸಿಯಲ್ಲಿ 'ಇಲಿನಿಯಂ' ಮಾತ್ರ ನಿನ್ನೆ ಒತ್ತಿದಷ್ಟು ಕಪ್ಪಾಗಿದೆ.